‘ಮೃದುಲಾ’ ಮಾರಿದ ಐದು ವರ್ಷ

ನಿವೃತ್ತಿ ಎಂಬ ಪದವನ್ನು ನಾನು ಬಳಸುವುದಕ್ಕೆ ನಮ್ಮ ಮನೆಯಲ್ಲೇ ಆಕ್ಷೇಪವಿದೆ. ಮೂವತ್ತೊಂದನೇ ವಯಸ್ಸಿಗೆ ಮನೆಗೆ ಬಂದು ಕೂತವಳನ್ನು ನಿವೃತ್ತಳು ಅನ್ನುವುದಿಲ್ಲ, ಕೆಲಸ ಬಿಟ್ಟವಳು ಅನ್ನುತ್ತಾರೆ ಎಂಬುದು ನಮ್ಮಪ್ಪನ ವಾದ. ನನ್ನ ಪ್ರತಿವಾದ ಇಷ್ಟೆ: ಒಂದು ಕಸುಬಿಗೆ ಮತ್ತೆ ಕಾಲಿಡಲಾರೆ ಎಂದು ಖಚಿತವಾದ ದಿನವೇ ನಿವೃತ್ತಿ. ಶಾಲು, ಹಾರ, ಹಣ್ಣಿನ ಬುಟ್ಟಿ ಸಿಗಲಿಲ್ಲ ಎಂಬ ಮಾತ್ರಕ್ಕೆ ಅದು ಬೇರೇನೂ ಆಗುವುದಿಲ್ಲ.

ಹೋದ ತಿಂಗಳು ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಹುಡುಗಿಯರು ಹಿಡಿದರು. ಡಿಗ್ರಿ ಮುಗಿದಿದೆ, ಇಬ್ಬರಿಗೂ ಸೆಂಟಿನ ಕಂಪನಿಯೊಂದರಲ್ಲಿ ಫೀಲ್ಡ್ ಕೆಲಸ ಸಿಕ್ಕಿದೆ. "ಅಕ್ಕ, ಹೆಂಗಿರ್ತದೆ ಕೆಲ್ಸ? ನೀವು ಮಾಡಿದ್ರಂತಲ್ಲ?" ಎಂದರು. ಬಸ್ಸು ಬರುವಷ್ಟರಲ್ಲಿ ಏನೋ ಹೇಳಿದೆ: ಒಳ್ಳೆ ಚಪ್ಪಲಿ ಕೊಳ್ಳಿ, ನೀರಿನ ಬಾಟಲಿ ಮರೆಯಬೇಡಿ, ಫ್ಯಾನ್ಸಿ ಸ್ಟೋರಿನವರ ಹತ್ತಿರ ಬೆಳಿಗ್ಗೆ ಮೊದಲ ಬೋಣಿಗೆ ಮುಂಚೆ ಹೋಗಬೇಡಿ. ಅವರು ತಲೆಯಾಡಿಸಿಕೊಂಡು ಹೋದರು. ಅವತ್ತಿನಿಂದ ಸಮಾಧಾನವಿಲ್ಲ. ಹೇಳಬೇಕಾದದ್ದನ್ನು ಬಿಟ್ಟು ಚಪ್ಪಲಿಯ ಬಗ್ಗೆ ಹೇಳಿದೆನಲ್ಲ!

ನಾನು ಮಾರಿದ್ದು ಹೆಂಗಸರ ಒಂದು ಹೂವಿನ ಸೆಂಟು. ಹೆಸರು ‘ಮೃದುಲಾ’. ಮೂಸಿದ ಕೂಡಲೇ ಮಲ್ಲಿಗೆ, ಸ್ವಲ್ಪ ಹೊತ್ತಿಗೆ ಸುಗಂಧರಾಜ, ಕೊನೆಗೆ ಗಂಧದ ಚಕ್ಕೆಯಂಥ ಒಂದು ಕಂಪು. ಬಾಟಲಿಯ ಜೊತೆಗೆ ಒಂದು ಕಾರ್ಡು. ಅದರ ಒಕ್ಕಣೆ ನನಗೆ ಇವತ್ತಿಗೂ ಬಾಯಿಪಾಠ: ‘ಮೃದುಲಾ ಹಚ್ಚುವವಳು ಮಿತಭಾಷಿ. ಮೃದು ಸ್ವಭಾವದವಳು. ಎಲ್ಲರೊಂದಿಗೂ ಹೊಂದಿಕೊಳ್ಳುವವಳು. ಅವಳು ಎದ್ದು ಹೋದ ಮೇಲೂ ಆ ಜಾಗದಲ್ಲಿ ಅವಳು ಉಳಿದಿರುತ್ತಾಳೆ.’

ಇಂಥ ವಾಕ್ಯ ಕಂಡರೆ ನನಗೆ ಕೈ ಕಡಿಯುತ್ತದೆ. ಕಾಲೇಜಿನ ಮೂರು ವರ್ಷವೂ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ಗಂಟೆ ಬಾರಿಸುವ ಮೊದಲು ಎದುರಾಳಿಯ ಬಾಯಿ ಮುಚ್ಚಿಸಿರಬೇಕು. ತರಬೇತಿಯ ದಿನ ಕಾರ್ಡಿನ ಹಿಂದಿದ್ದ ಐದು ಪ್ರಶ್ನೆಗಳನ್ನು ತುಂಬಿಸಿದರು: ಸಭೆಯಲ್ಲಿ ನೀವು ಹೇಗಿರುತ್ತೀರಿ, ಕೋಪ ಬಂದರೆ ಏನು ಮಾಡುತ್ತೀರಿ, ಇತ್ಯಾದಿ. ಉತ್ತರ ನೋಡಿ ನೀವು ಯಾವ ಹೂವು ಎಂದು ಹೇಳಬೇಕು. ನಾನು ಒಮ್ಮೆ ಗಯ್ಯಾಳಿಯಂತೆ ಗುರುತು ಹಾಕಿದೆ, ಇನ್ನೊಮ್ಮೆ ಬಾಯಿಲ್ಲದವಳಂತೆ ಹಾಕಿದೆ. ಎರಡು ಸಲವೂ ಬಂದದ್ದು ‘ಮೃದುಲಾ’. ಎದ್ದು ನಿಂತೆ.

"ಸರ್, ಜಗಳಗಂಟಿಗೂ ಇದೇ, ಸಾಧುವಿಗೂ ಇದೇ ಬಂದ್ರೆ ಪ್ರಶ್ನೆ ಯಾಕ್ ಸರ್ ಕೇಳ್ಬೇಕು?"

ಏರಿಯಾ ಮ್ಯಾನೇಜರ್ ಮಹದೇವಪ್ಪ ಸರ್ ನಮ್ಮ ನಾಲ್ಕು ತಾಲ್ಲೂಕಿಗೂ ದೊಡ್ಡವರು. ಕನ್ನಡಕ ತೆಗೆದು ಒರೆಸಿಕೊಂಡರು. "ಅಲ್ಲಮ್ಮಾ, ಪ್ರೈಜ್ ತಗೊಳ್ಳೋಕ್ ಬಂದಿದ್ದೀಯೋ, ಸೆಂಟ್ ಮಾರೋಕ್ ಬಂದಿದ್ದೀಯೋ?" ಎಲ್ಲರೂ ನಕ್ಕರು. ಆಮೇಲೆ ಊಟದ ಸಾಲಿನಲ್ಲಿ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: "ಸೆಂಟು ಹಾಕಿದ ಕೂಡ್ಲೆ ಮೂಗಿಗೆ ಬಡಿಯೋದು ಬರೀ ಸ್ಪಿರಿಟ್ಟು. ಹೂವು ಬರೋಕೆ ಐದು ನಿಮಿಷ ಬೇಕು. ಐದು ನಿಮಿಷ ನಿಂತ್ಕೊಳಮ್ಮ ಅಂದ್ರೆ ಯಾವ ಹೆಂಗಸು ನಿಲ್ತಾಳೆ? ಪ್ರಶ್ನೆ ಕೇಳಿದ್ರೆ ನಿಲ್ತಾಳೆ."

ಆ ಮನುಷ್ಯನನ್ನು ನಾನು ಬೈದದ್ದುಂಟು, ಆದರೆ ಇದಕ್ಕಿಂತ ನೇರವಾದ ಪಾಠವನ್ನು ನನಗೆ ಯಾವ ಮೇಷ್ಟರೂ ಮಾಡಿರಲಿಲ್ಲ. ಪ್ರಶ್ನೆಗಳಿಗೆ ಕಾರ್ಡಿನ ಬದಲು ಟ್ಯಾಬ್ ಬಂತು, ಟ್ಯಾಬಿನ ಪರದೆಯ ಮೇಲೆ ಹೂವೊಂದು ಗಿರಗಿರ ತಿರುಗಿ ಉತ್ತರ ಹೇಳತೊಡಗಿತು. ಟ್ಯಾಬ್ ಹೋಗಿ ಗಿರಾಕಿಯ ಮೊಬೈಲಿಗೇ ಲಿಂಕ್ ಕಳಿಸುವ ಪದ್ಧತಿ ಬಂತು. ಹೂವು ತಿರುಗುತ್ತಲೇ ಇತ್ತು, ಉತ್ತರ ಬದಲಾಗಲಿಲ್ಲ. ತಂತ್ರಜ್ಞಾನ ಎಷ್ಟು ಮುಂದುವರಿದರೂ ಬೇಕಾಗಿದ್ದದ್ದು ಐದು ನಿಮಿಷ.

ಸ್ವಭಾವದ ಮಾತು ಸುಳ್ಳು ಎಂಬುದಕ್ಕೆ ನನಗೆ ಸಾಕ್ಷಿಗಳು ಬೇಕಾದಷ್ಟು ಸಿಕ್ಕರು. ಎಚ್.ಡಿ. ಕೋಟೆ ಕಡೆಯ ಬಸ್ಸಿನಲ್ಲಿ ಒಬ್ಬ ಹೆಂಗಸು ಕಂಡಕ್ಟರ್ ತಪ್ಪದೆ ‘ಮೃದುಲಾ’ ಕೊಳ್ಳುತ್ತಿದ್ದರು. ಕಾರ್ಡನ್ನು ಗಟ್ಟಿಯಾಗಿ ಓದಿ ಹೇಳಿದೆ. ಆಕೆ ಸೀಟಿಗೆ ಒರಗಿಕೊಂಡು ನಗತೊಡಗಿದರು. "ಮೃದು ಸ್ವಭಾವ್ದೋಳಾ! ಟಿಕೀಟ್ ತಕಳ್ದೆ ಇಳ್ಯಕೋಗ್ತಾರಲ್ಲ, ಅವ್ರುನ್ನ ಕೇಳಮ್ಮಿ ನನ್ ಸ್ವಭಾವ."

"ಮತ್ಯಾಕಕ್ಕ ತಗೋತೀರಿ?"

"ದಿನಾ ಡೀಸಲ್ ವಾಸ್ನೆ ಒತ್ಕೊಂಡು ಮನಿಗೋದ್ರೆ ನನ್ ಮಗ್ಳು ಅತ್ರುಕ್ಕೆ ಬರಕಿಲ್ಲ ಕಣಮ್ಮಿ. ಅದ್ಕೆ."

ಕಾರ್ಡಿನಲ್ಲಿ ಡೀಸೆಲ್ ಇಲ್ಲ. ಯಾರೂ ಕಾರ್ಡು ಹೇಳಿದ ಕಾರಣಕ್ಕೆ ಕೊಳ್ಳುತ್ತಿರಲಿಲ್ಲ; ಕೊಂಡ ಮೇಲೆ ಕಾರ್ಡು ಓದಿ ಖುಷಿಪಡುತ್ತಿದ್ದರು. ಹಾಗಾದರೆ ನಾನು ಮಾರುತ್ತಿದ್ದದ್ದು ಸುಳ್ಳೇ? ಈ ಪ್ರಶ್ನೆಗೆ ನಾಲ್ಕು ವರ್ಷ ನಾನು ಕೊಟ್ಟುಕೊಂಡ ಉತ್ತರ: ಹಾನಿಯಿಲ್ಲದ ಸುಳ್ಳು.

ಈಗ ಒಂದು ನಾಚಿಕೆಯ ವಿಷಯ. ಕೆ.ಆರ್. ನಗರದಲ್ಲಿ ಒಂದು ಅಂಗಡಿಯವರು ಬಾಟಲಿಗಳನ್ನು ಬಿಸಿಲು ಬೀಳುವ ಗಾಜಿನ ಬೀರುವಿನಲ್ಲಿ ಜೋಡಿಸಿದ್ದರು. ಸೆಂಟಿಗೆ ಬಿಸಿಲು ಆಗುವುದಿಲ್ಲ. ಬಣ್ಣ ಕಪ್ಪಾಗುತ್ತದೆ, ಹೂವು ಕೆಡುತ್ತದೆ. ಹೊಸ ಅಗ್ರಹಾರದ ಶಾಲೆಯ ಟೀಚರೊಬ್ಬರು ಬಾಟಲಿ ವಾಪಸ್ ತಂದರು. "ಹಳಸಿದ ಹಾಲಿನ ವಾಸನೆ ಬರ್ತಿದೆ ಕಣ್ರೀ." ಅವರು ಹೇಳಿದ್ದು ನಿಜ, ನನ್ನ ಮೂಗಿಗೂ ಬಡಿದಿತ್ತು. ಆದರೆ ಅವರು ನನ್ನೆದುರು ನಿಂತದ್ದೇ ತಡ, ನನಗೆ ಎದುರಾಳಿ ಪಕ್ಷವಾಗಿ ಕಂಡರು. ಒಬ್ಬೊಬ್ಬರ ಚರ್ಮಕ್ಕೆ ಒಂದೊಂದು ಪರಿಮಳ ಕೂರುತ್ತದೆ, ಬೆಳಿಗ್ಗೆ ಏನು ತಿಂದಿದ್ದೀರಿ, ಯಾವ ಸೋಪು ಬಳಸುತ್ತೀರಿ ಎಂದು ಒಂದರ ಮೇಲೊಂದು ಕೇಳಿದೆ. ಪಾಪ, ಕೊನೆಗೆ ಅವರಿಗೆ ತಮ್ಮ ಮೂಗಿನ ಮೇಲೇ ಅನುಮಾನ ಬಂದು ಬಾಟಲಿ ಎತ್ತಿಕೊಂಡು ಹೋದರು. ಮಹದೇವಪ್ಪ ಸರ್ ಅದನ್ನು ಮೀಟಿಂಗಿನಲ್ಲಿ ಹೊಗಳಿದರು. ನಾನು ಹೊಗಳಿಸಿಕೊಂಡೆ.

ಇದನ್ನು ಯಾಕೆ ಬರೆದೆನೆಂದರೆ, ಮುಂದಿನದಕ್ಕೆ ನಾನು ತಯಾರಾದದ್ದು ಹೀಗೆ.

ಬೆಟ್ಟದಪುರದ ಪಕ್ಕದ ಒಂದು ಹಳ್ಳಿಯಲ್ಲಿ ರುದ್ರಪ್ಪ ಎಂಬ ಹೊಗೆಸೊಪ್ಪು ಬೆಳೆಗಾರರು. ಹರಾಜಿನ ಕಾಲ. ಗೂಡಿನ ಶಾಖದಲ್ಲಿ ಬೇಯಿಸಿದ ಸೊಪ್ಪನ್ನು ಬಣ್ಣ, ಮೈ, ಕಲೆ ನೋಡಿ ಬೇರೆ ಬೇರೆ ಮಾಡಿ ಬೇಲು, ಅಂದರೆ ಹೊರೆ, ಕಟ್ಟಬೇಕು. ಅದನ್ನು ಗ್ರೇಡಿಂಗ್ ಅನ್ನುತ್ತಾರೆ. ಆ ಕೆಲಸಕ್ಕೆ ಸುತ್ತಿನ ಹಳ್ಳಿಗಳಲ್ಲೆಲ್ಲ ಒಂದೇ ಹೆಸರು, ಪುಟ್ಟತಾಯಮ್ಮ. ಹನ್ನೊಂದು ಹೆಂಗಸರ ಗುಂಪು ಕಟ್ಟಿಕೊಂಡು ಮನೆಯಿಂದ ಮನೆಗೆ ಹೋಗುವಾಕೆ. ಒಂದೆಲೆ ಎತ್ತಿ ಬೆಳಕಿಗೆ ಹಿಡಿದು, ಮೂಗಿಗೆ ತಂದು, ಪಕ್ಕದ ಗುಡ್ಡೆಗೆ ಎಸೆದರೆ ಮುಗಿಯಿತು. ಬೆಳೆಗಾರನೂ ಅದನ್ನು ಎತ್ತಿ ಇನ್ನೊಂದು ಗುಡ್ಡೆಗೆ ಹಾಕುತ್ತಿರಲಿಲ್ಲ.

ನನಗೆ ದಿನಕ್ಕೆ ಇಷ್ಟು ಕೈಗೆ ಸೆಂಟು ತೋರಿಸಬೇಕೆಂಬ ಗುರಿಯಿತ್ತು. ಒಂದೇ ಕೋಣೆಯಲ್ಲಿ ಹನ್ನೆರಡು ಹೆಂಗಸರು ಎಂದು ಕೇಳಿದವಳೇ ಸ್ಕೂಟಿ ತಿರುಗಿಸಿದೆ.

ಗ್ರೇಡಿಂಗ್ ಮನೆಯ ಹೊರಗೋಡೆಯಲ್ಲಿ ಸಾಲಾಗಿ ಮೊಳೆ ಹೊಡೆದಿತ್ತು. ಒಂದೊಂದು ಮೊಳೆಗೆ ಒಂದೊಂದು ತುಂಡು ಹೂವು: ಕಾಕಡ, ಕನಕಾಂಬರ, ಒಂದೆರಡು ಬಟನ್ಸ್ ಗುಲಾಬಿ. ಚೆನ್ನಾಗಿದೆಯಲ್ಲ ಎಂದು ಫೋಟೋ ಕೂಡ ತೆಗೆದುಕೊಂಡೆ. ಯಾಕೆ ಎಂದು ಕೇಳಲಿಲ್ಲ. ಎಲ್ಲವನ್ನೂ ಪ್ರಶ್ನಿಸುವವಳು, ಕೇಳಬೇಕಾದ ಪ್ರಶ್ನೆಯನ್ನು ಕೇಳಲಿಲ್ಲ.

ಒಳಗೆ ಹೋಗಿ ಬಾಟಲಿ ತೆಗೆದೆ. ಪುಟ್ಟತಾಯಮ್ಮ ತಲೆಯೆತ್ತಲಿಲ್ಲ. "ಸೊಪ್ಪಿನ್ ಮನೇಲಿ ಬ್ಯಾಡ ಕಣವ್ವ. ಸಂಜಿಗ್ ಬಾ, ಆಚೇಲಿ ತೋರ್ಸೀವಂತೆ."

"ಯಾಕಮ್ಮ?"

"ಸೊಪ್ಪು ಇಡ್ಕತದೆ. ನಾವು ಮುಡ್ದಿರೋ ಊವನ್ನೇ ಆಚೆ ಮೊಳೆಗಾಕಿ ಬತ್ತೀವಿ, ಕಾಣ್ನಿಲ್ವಾ?"

ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ವಾದ ಶುರುಮಾಡಿದೆ. "ಅಮ್ಮ, ಈ ಸೊಪ್ಪಿನ ಘಾಟಿಗೆ ನನ್ನ ಕಣ್ಣೇ ಉರೀತಿದೆ. ಇಷ್ಟು ಘಾಟಿರೋದು ಒಂದು ಹನಿ ಮಲ್ಲಿಗೇನ ನುಂಗಿ ನೀರು ಕುಡಿಯುತ್ತೆ. ಇದು ಗಾಳೀಲಿ ಹೋಗಲ್ಲ, ಕೈಮೇಲೇ ಇರುತ್ತೆ. ನಿಮ್ ತಲೇಲಿರೋ ಎಣ್ಣೆ ವಾಸನೆ ಹಿಡ್ಕೊಳ್ಳಲ್ವಾ? ಅದಿಲ್ಲ ಅಂದ್ರೆ ಇದೂ ಇಲ್ಲ."

"ಮೇಡಮ್ಮು ಸರ್ಯಾಗೇ ಯೋಳ್ತಾವ್ರೆ, ಪುಟ್ತಾಯಕ್ಕ!" ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಸೌಮ್ಯ ಮಣಿಕಟ್ಟು ಚಾಚಿದಳು. "ಒಂಚೂರ್ ಪುಸ್ ಅನ್ಸಿ ಮೇಡಮ್. ಮೈಯೆಲ್ಲ ಒಗೆಸೊಪ್ಪಾಗೋಗದೆ."

ಪುಟ್ಟತಾಯಮ್ಮ ಎದ್ದು, ಸೀರೆ ಕೊಡವಿ, ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಹನ್ನೊಂದು ಜನರ ಕೈಗೂ ಸೆಂಟು ಹೊಡೆದೆ. ಐದು ಪ್ರಶ್ನೆ ಕೇಳಿದೆ. ಕೋಪ ಬಂದ್ರೆ ಏನ್ ಮಾಡ್ತೀರಿ ಎಂದಾಗ ಒಬ್ಬಾಕೆ "ಅತ್ತೆ ಎದ್ರಿಗಾದ್ರೆ ಪಾತ್ರೆ ತೊಳೀತೀನಿ, ಗಂಡನ್ ಎದ್ರಿಗಾದ್ರೆ ಪಾತ್ರೆ ಎಸೀತೀನಿ" ಎಂದಳು. ಮನೆಯೆಲ್ಲ ನಗು. ಅವರೆಲ್ಲ ‘ಮೃದುಲಾ’ ಆದರು. ನಗುತ್ತ ನಗುತ್ತ ಮತ್ತೆ ಸೊಪ್ಪಿಗೆ ಕೈ ಹಾಕಿದರು.

ನಾಲ್ಕು ದಿನ ಬಿಟ್ಟು ರುದ್ರಪ್ಪನವರ ಫೋನು. ಪಿರಿಯಾಪಟ್ಟಣದ ಹರಾಜಿನಲ್ಲಿ ಅವರ ಬೇಲುಗಳಿಗೆ ಯಾರೂ ಬೆಲೆ ಕೂಗಲಿಲ್ಲ. ಕೊಳ್ಳುವವನೊಬ್ಬ ಬೇಲಿನೊಳಕ್ಕೆ ಕೈಹಾಕಿ ಎಲೆ ಎಳೆದು ಮೂಗಿಗೆ ಹಿಡಿದ, ಮುಖ ಕಿವುಚಿ ಮುಂದಕ್ಕೆ ನಡೆದ. ಹಿಂದಿನವರೂ ಅವನ ಹಿಂದೆಯೇ ನಡೆದರು. ನಾನು ಹೋದಾಗ ಗ್ರೇಡಿಂಗ್ ಮನೆಯಲ್ಲಿ ಹನ್ನೆರಡೂ ಹೆಂಗಸರು ನಿಂತಿದ್ದರು, ವಾಪಸ್ ಬಂದ ಬೇಲುಗಳು ನಡುವೆ.

"ಮದ್ವೆ ಮನೆ ವಾಸ್ನೆ ಬತ್ತದಂತೆ ನನ್ ಸೊಪ್ಪಲ್ಲಿ," ಅಂದರು ರುದ್ರಪ್ಪ. "ನೀವು ಬಂದು ಅದೇನೋ ಒಡ್ದೋದ್ರಂತೆ. ಏನ್ ಯೋಳ್ತೀರಿ?"

ಹೆದರಿಕೆಯಾಯಿತು. ನನಗೆ ಹೆದರಿಕೆಯಾದರೆ ನಾಲಿಗೆ ಚುರುಕಾಗುತ್ತದೆ. ನನ್ನ ಬಾಟಲಿಯದೇ ವಾಸನೆ ಎನ್ನುವುದಕ್ಕೆ ಏನು ಆಧಾರ? ಹನ್ನೆರಡು ಜನ ಹನ್ನೆರಡು ಥರದ ಸೋಪು, ಪೌಡರು, ಎಣ್ಣೆ ಹಚ್ಚುತ್ತಾರೆ. ಬೇಲು ಹೋದ ಟೆಂಪೋದಲ್ಲಿ ಮೊದಲು ಏನಿತ್ತು? ಸುತ್ತಿದ ಗೋಣಿ ಎಲ್ಲಿಯದು? ಸೆಂಟು ಹಚ್ಚಿಕೊಳ್ಳದ ಕೈ ಮುಟ್ಟಿದ ಬೇಲಿಗೂ ವಾಸನೆ ಇದೆಯೋ ಇಲ್ಲವೋ ನೋಡಿದ್ದೀರಾ? ಒಂದಾದ ಮೇಲೊಂದು. ನಾನು ಗೆದ್ದೆ.

ಗೆದ್ದದ್ದರ ಫಲ ಕಣ್ಣೆದುರೇ ಬಂತು. ರುದ್ರಪ್ಪ ನನ್ನಿಂದ ತಿರುಗಿ ಪುಟ್ಟತಾಯಮ್ಮನ ಕಡೆ ನೋಡಿದರು. "ಅಂಗಾರೆ ನಿಮ್ಮೋರ್ದೇ ಎಣ್ಣೆ ಪೌಡ್ರು. ನಿನ್ ನೆಚ್ಕಂಡು ಸೊಪ್ಪು ಬಿಟ್ಟಿದ್ದೆ, ಪುಟ್ತಾಯಮ್ಮ. ನಾಳಿಂದ ಬರಬ್ಯಾಡಿ."

ಸೌಮ್ಯ ಅಳತೊಡಗಿದಳು. ಪುಟ್ಟತಾಯಮ್ಮ ನನ್ನ ಕಡೆ ನೋಡಲೂ ಇಲ್ಲ. "ಯಜಮಾನ್ರೇ, ಆಚೆ ಮೊಳೆ ಮೇಲೆ ಊವ ಎಣಿಸ್ಕಳಿ," ಎಂದಷ್ಟೇ ಹೇಳಿ ಹೊರಟರು. ಹಿಂದೆಯೇ ಉಳಿದವರು. ಒಬ್ಬೊಬ್ಬರೂ ಮೊಳೆಯಿಂದ ತಮ್ಮ ಹೂವು ತೆಗೆದುಕೊಂಡರು. ಯಾರೂ ಮುಡಿಯಲಿಲ್ಲ, ಕೈಯಲ್ಲೇ ಹಿಡಿದು ನಡೆದರು.

ವಾರದೊಳಗೆ ಮಾತು ಹರಡಿತು. ಪುಟ್ಟತಾಯಮ್ಮನ ಗುಂಪು ಮುಟ್ಟಿದ ಸೊಪ್ಪನ್ನು ಯಾರೂ ಕೂಗುವುದಿಲ್ಲವಂತೆ. ಈ ಗುಂಪಿಗೆ ಮೊದಲೇ ಕೆಲಸ ಹೇಳಿಹೋಗಿದ್ದ ಎರಡು ಮನೆಯವರು ಬೇರೆ ಗುಂಪು ಕರೆಸಿಕೊಂಡರು. ಸೌಮ್ಯ ಫೋನಿನಲ್ಲಿ ಹೇಳಿದಳು: "ಇಪ್ಪತ್ ವರ್ಸದಿಂದ ಆಯಮ್ಮ ಒಂದಿನ ಸೀಜನ್ನಲ್ಲಿ ಮನೇಲಿ ಕೂತಿರ್ನಿಲ್ಲ ಮೇಡಮ್. ಈಗ ಕೂತವ್ರೆ."

ನನಗೆ ಕೂರಲಾಗಲಿಲ್ಲ. ಸ್ಕೂಟಿಯಲ್ಲಿ ಹುಣಸೂರಿನಿಂದ ಹೊರಟರೆ ಎಲ್ಲಿಗೆಂದು ಗೊತ್ತಾಗದೆ ಅರ್ಧದಾರಿಯಲ್ಲಿ ನಿಲ್ಲುತ್ತಿದ್ದೆ. ತಲೆಯೊಳಗೆ ಚರ್ಚೆ ನಿಲ್ಲದು, ಗಂಟೆ ಬಾರಿಸುವವರಿಲ್ಲ. ಆಧಾರ ಏನು ಎಂದು ಕೇಳಿದವಳು ನಾನು ತಾನೆ? ಆಧಾರ ಹುಡುಕುವ ಹೊಣೆಯೂ ನನ್ನದೇ ಅಲ್ಲವೇ? ಪರಿಚಯದ ಬೆಳೆಗಾರರ ಹತ್ತಿರ ಹೊಸ ಸೊಪ್ಪು ಕೇಳಿ ತಂದೆ. ಏಳು ಸ್ಟೀಲ್ ಡಬ್ಬಿ. ನಾಲ್ಕರಲ್ಲಿ ಬರೀ ಎಲೆ. ಮೂರರಲ್ಲಿ ಸೆಂಟು ಹಚ್ಚಿದ ಕೈಯಿಂದ ಸವರಿದ ಎಲೆ, ಒಂದೊಂದು ದಿನ ಬಿಟ್ಟು ಒಂದೊಂದು. ಡಬ್ಬಿಗಳ ತಳಕ್ಕೆ ಗುರುತು ಹಾಕಿದೆ.

ಮೂರನೆಯದನ್ನೂ ಸವರಿ ಎರಡು ದಿನ ಬಿಟ್ಟು ಮುಚ್ಚಳ ತೆಗೆದೆ. ಮಲ್ಲಿಗೆ ಹಾರಿಹೋಗಿತ್ತು. ಸುಗಂಧರಾಜ ಉಳಿದಿತ್ತು. ಎಲೆಯ ಅಂಟಿಗೆ ಅಂಟಿಕೊಂಡು, ಸೊಪ್ಪಿನ ಘಾಟಿನ ಅಡಿಯಲ್ಲಿ, ಹಠಮಾರಿಯಾಗಿ. ಅವಳು ಎದ್ದು ಹೋದ ಮೇಲೂ ಆ ಜಾಗದಲ್ಲಿ ಅವಳು ಉಳಿದಿರುತ್ತಾಳೆ. ಆ ಕಾರ್ಡಿನಲ್ಲಿ ಒಂದೇ ಒಂದು ನಿಜವಿತ್ತು, ನಾನು ಅದನ್ನೂ ನಂಬಿರಲಿಲ್ಲ.

ಮಹದೇವಪ್ಪ ಸರ್‌ಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. "ಒಪ್ಪಿಕೋಬೇಡಮ್ಮ," ಎಂದರು. "ನೀನು ಒಪ್ಕೊಂಡ್ರೆ ಪಿರಿಯಾಪಟ್ಟಣ, ಹುಣಸೂರು ಎರಡೂ ಕಡೆ ಸೊಪ್ಪಿನ ಮನೆಯವರು ನಮ್ಮ ಬಾಟ್ಲಿ ಮುಟ್ಟಲ್ಲ. ನಾನೂ ನಿನ್ನ ಉಳಿಸ್ಕೊಳ್ಳೋಕಾಗಲ್ಲ. ಕಾರಣ ಹುಡುಕೋದು ನಿಂಗ್ ಹೇಳ್ಕೊಡಬೇಕಾ?"

ಡಬ್ಬಿಗಳನ್ನು ಸ್ಕೂಟಿಗೆ ಕಟ್ಟಿಕೊಂಡು ರುದ್ರಪ್ಪನವರ ಮನೆಗೆ ಹೋದೆ. ನಡೆದದ್ದು ಹೇಳಿದೆ. ಅವರು ಡಬ್ಬಿ ಮೂಸಿ ಮೂಸಿ ಇಟ್ಟರು. "ನಂಗೆಲ್ಲಾ ಒಂದೇ ಕಣ್ರೀ. ಇದ್ರಲ್ ಯಾವ್ದೂ ಅಂತ ಯೋಳಕ್ ನನ್ ಕೈಲಾಗಲ್ಲ."

"ಹೇಳೋ ಮೂಗು ಊರಲ್ಲೇ ಇದೆಯಲ್ಲ, ಕರೆಸಿ."

ಪುಟ್ಟತಾಯಮ್ಮ ಬಂದರು. ಜಗಲಿಯ ಮೇಲೆ ಏಳು ಡಬ್ಬಿ ಸಾಲಾಗಿ ಇಟ್ಟೆ. ಏನಿದೆ ಎಂದು ಹೇಳಲಿಲ್ಲ. ಆಕೆ ಕೂರದೆ ಬಗ್ಗಿ ಒಂದೊಂದನ್ನೇ ತೆಗೆದು ಮೂಸಿದರು. ಮೂರು ಡಬ್ಬಿ ಪಕ್ಕಕ್ಕಿಟ್ಟರು. ಇಟ್ಟ ಮೇಲೆ ಅವುಗಳನ್ನೇ ಮತ್ತೆ ಹಿಂದುಮುಂದು ಜೋಡಿಸಿದರು.

"ಇವ್ ಮೂರ್ರಲ್ಲಿ ಅದೆ. ಇದು ಮೊದ್ಲುಂದು. ಇದು ಆಮೇಲ್ದು. ಇದು ಮೊನ್ನೆ ಮೊನ್ನೇದು."

ನಾನು ಡಬ್ಬಿಗಳನ್ನು ಮಗುಚಿ ರುದ್ರಪ್ಪನವರಿಗೆ ಗುರುತು ತೋರಿಸಿದೆ. ಅವರು ತಲೆ ಕೆರೆದುಕೊಂಡು, "ಆಯ್ತು ಬುಡು, ಪುಟ್ತಾಯಮ್ಮ. ನಾಳಿಂದ ಬಾ," ಎಂದರು.

"ಅಂಗ್ ಆಗಕಿಲ್ಲ, ಯಜಮಾನ್ರೇ." ದನಿ ಏರಲಿಲ್ಲ. "ಬರಬ್ಯಾಡ ಅಂದಿದ್ದು ಎಲ್ಲಾರ್ ಎದ್ರಿಗೆ. ಬಾ ಅನ್ನದೂ ಅಂಗೇ ಅನ್ಬೇಕು. ಈಯಮ್ಮ ವಾದ ಮಾಡಿದ್ದೂ ಎಲ್ಲಾರ್ ಎದ್ರಿಗೆ." ಆಗ ಮೊದಲ ಸಲ ನನ್ನ ಮುಖ ನೋಡಿದರು. "ನೀನೂ ಬರ್ಬೇಕು ಕಣವ್ವ."

ಮಾರನೆಯ ಬೆಳಿಗ್ಗೆ ಹೊರಡುವ ಮೊದಲು ಮಹದೇವಪ್ಪ ಸರ್‌ಗೆ ಮೆಸೇಜ್ ಹಾಕಿದೆ: ‘ಹೇಳಲು ಹೋಗುತ್ತಿದ್ದೇನೆ ಸರ್. ಬ್ಯಾಗ್ ಸಂಜೆ ಆಫೀಸಿಗೆ ತಲುಪಿಸುತ್ತೇನೆ.’ ಅವರು ನೋಡಿದ್ದಕ್ಕೆ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ರುದ್ರಪ್ಪ ಎರಡೂ ಪಕ್ಕದ ಮನೆಯ ಬೆಳೆಗಾರರನ್ನೂ ಕರೆಸಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಮೊಳೆಗೆ ಹೂವು ತೂಗುಹಾಕಿ ಒಳಗೆ ಹೋಗಿ ತಂತಮ್ಮ ಗುಡ್ಡೆಯ ಮುಂದೆ ಕೂತರು. ಕೊನೆಗೆ ನಾನು. ಹೊಸ್ತಿಲಿಗೆ ಕಾಲಿಡಬೇಕು, ಪುಟ್ಟತಾಯಮ್ಮ ಅಡ್ಡ ಬಂದರು.

"ಬ್ಯಾಗು."

ಒಂದು ಮೊಳೆ ಖಾಲಿಯಿತ್ತು. ಕಂಪನಿಯ ಬ್ಯಾಗನ್ನು ಹೂವುಗಳ ಪಕ್ಕಕ್ಕೆ ತೂಗುಹಾಕಿದೆ.

"ಕೈ ಕೊಡು."

ಎರಡೂ ಕೈ ಚಾಚಿದೆ. ಬೆಳಿಗ್ಗೆ ಎರಡು ಸಲ ಸೋಪು ಹಾಕಿ ತೊಳೆದಿದ್ದೆ. ಆಕೆ ಅಂಗೈ ಮೂಸಿದರು, ಮಣಿಕಟ್ಟು ಮೂಸಿದರು, ತೋಳಿನ ಮಡಿಕೆಯ ತನಕ ಬಂದು ನಿಂತರು.

"ಇನ್ನೂ ಅದೆ. ಐದ್ ವರ್ಸದ್ದು, ಒಂದ್ ದಿನಕ್ಕೆ ಓಗಕಿಲ್ಲ. ಆಚೇಲೇ ನಿಂತು ಮಾತಾಡು."

ಹೊಸ್ತಿಲಿನ ಆಚೆ, ಬಿಸಿಲಿನಲ್ಲಿ ನಿಂತೆ. ಒಳಗೆ ಹನ್ನೆರಡು ಮುಖ, ಪಕ್ಕದಲ್ಲಿ ಮೂವರು ಬೆಳೆಗಾರರು. ಬಾಯಿ ತೆರೆದಾಗ ಹಳೆಯ ಚಾಳಿ ಬಂತು: ಪೀಠಿಕೆ, ಮೂರು ಅಂಶ, ಕೊನೆಗೊಂದು ಪೆಟ್ಟು. ಎಲ್ಲವನ್ನೂ ನುಂಗಿಕೊಂಡೆ. "ಸೊಪ್ಪಿಗೆ ವಾಸನೆ ಬಂದದ್ದು ನನ್ನ ಬಾಟಲಿಯಿಂದ. ಪುಟ್ಟತಾಯಮ್ಮ ಬೇಡ ಅಂದಿದ್ರು, ನಾನು ಕೇಳಲಿಲ್ಲ. ಆಮೇಲೆ ಗೊತ್ತಿಲ್ಲದೆ ವಾದ ಮಾಡಿದೆ. ತಪ್ಪು ನನ್ನದು, ಇವರದಲ್ಲ."

ರುದ್ರಪ್ಪ ಎಲ್ಲರಿಗೂ ಕೇಳುವಂತೆ ಹೇಳಿದರು: "ಕೆಲ್ಸ ಸುರು ಮಾಡು, ಪುಟ್ತಾಯಮ್ಮ." ಪಕ್ಕದವರಲ್ಲೊಬ್ಬರು ಸೇರಿಸಿದರು: "ಇಲ್ಲಿ ಮುಗಿದ್ ಮ್ಯಾಕೆ ನಮ್ಮನಿಗ್ ಬಾ."

ನನ್ನ ಜೀವಮಾನದಲ್ಲಿ ಅಷ್ಟು ಚಿಕ್ಕ ಭಾಷಣ ಮಾಡಿದವಳಲ್ಲ. ಗಂಟೆ ಇರಲಿಲ್ಲ, ಚಪ್ಪಾಳೆಯೂ ಇರಲಿಲ್ಲ. ಯಾರಾದರೂ ಏನಾದರೂ ಅನ್ನಲಿ ಎಂದು ಒಂದು ಗಳಿಗೆ ನಿಂತೆ. ಪುಟ್ಟತಾಯಮ್ಮ ತಮ್ಮ ಜಾಗಕ್ಕೆ ಹೋಗಿ ಕೂತರು, ಒಂದೆಲೆ ಎತ್ತಿ ಬೆಳಕಿಗೆ ಹಿಡಿದರು, ಮೂಗಿಗೆ ತಂದರು, ಪಕ್ಕದ ಗುಡ್ಡೆಗೆ ಎಸೆದರು. ಆಮೇಲೆ ಒಳಗೆಲ್ಲ ಸೊಪ್ಪು ಬಿಡಿಸುವ ಸರಬರ ಸದ್ದು ಶುರುವಾಯಿತು.